ಮೇವು ಕತ್ತರಿಸುವ ಯಂತ್ರದ ಅಲಗೂ ಯಜಮಾನನ ಹೊಣೆಯೂ

ಬೆಲೆಯುಳ್ಳ ಉಪಕರಣವನ್ನು ಮನೆಗೆ ತರುವುದರಲ್ಲಿ ತೋರುವ ಉತ್ಸಾಹವು ಅದನ್ನು ಹದವಾಗಿ ಇಟ್ಟುಕೊಳ್ಳುವುದರಲ್ಲಿ ಕಂಡುಬರುವುದು ಅಪೂರ್ವ. ಬೆಂಗಳೂರಿನ ಉತ್ತರ ಭಾಗದಲ್ಲಿ ಯಲಹಂಕ, ಹೆಸರಘಟ್ಟ, ರಾಜಾನುಕುಂಟೆಗಳ ಸುತ್ತಲಿನ ಗ್ರಾಮಗಳಲ್ಲಿ ಹಾಲಿನ ಹಸುಗಳನ್ನು ಸಾಕುವವರಿಗೆ ವಿದ್ಯುಚ್ಛಕ್ತಿಯಿಂದ ನಡೆಯುವ ಮೇವು ಕತ್ತರಿಸುವ ಯಂತ್ರವು ಈಗ ಪರಿಚಿತವಾದ ವಸ್ತುವೇ ಆಗಿದೆ. ಆದರೆ ಆ ಯಂತ್ರದ ಪಕ್ಕದಲ್ಲಿ ಒಂದು ಮಸೆಗಲ್ಲನ್ನೂ ಇಟ್ಟುಕೊಂಡಿರುವ ಕೊಟ್ಟಿಗೆಗಳು ವಿರಳ. ಕೆಲವು ತಿಂಗಳು ಚೆನ್ನಾಗಿ ನಡೆದ ಯಂತ್ರವು ಬಳಿಕ ಮೇವನ್ನು ಕತ್ತರಿಸದೆ ಜಗಿದು ಉಗುಳತೊಡಗಿದರೆ, ಯಂತ್ರವೇ ಕೆಟ್ಟದ್ದೆಂದು ದೂರುವುದು ವಾಡಿಕೆ. ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಗೆ ಇದಕ್ಕಿಂತ ತಕ್ಕ ಉದಾಹರಣೆ ಬೇಕಿಲ್ಲ.

ಹಿಂದೆ ಕುಡುಗೋಲು, ಮಚ್ಚು, ನೇಗಿಲ ಗುಳಗಳನ್ನು ಹದಮಾಡುವ ಕೆಲಸವು ಊರ ಕಮ್ಮಾರನದಾಗಿತ್ತು. ಸುಗ್ಗಿಯಲ್ಲಿ ಕಣದಿಂದಲೇ ಅವನ ಪಾಲಿನ ಆಯವು ಸಲ್ಲುತ್ತಿತ್ತು. ಆ ಪದ್ಧತಿಯು ಬಹುಮಟ್ಟಿಗೆ ಮರೆಯಾಯಿತು. ಅನೇಕ ಊರುಗಳಲ್ಲಿ ಕುಲುಮೆಯೂ ಆರಿತು. ಈಗ ಅಲಗು ಮೊಂಡಾದರೆ ಅದನ್ನು ಪೇಟೆಯ ಅಂಗಡಿಗೆ ಒಯ್ಯಬೇಕು. ಒಂದು ದಿನದ ಕೆಲಸ ಕೆಡುವುದೆಂದು ಅದನ್ನು ಮುಂದೂಡುವರು. ಒಯ್ದರೂ, ಅವಸರದಲ್ಲಿ ವಿದ್ಯುತ್ ಸಾಣೆಗೆ ಹಿಡಿದ ಅಲಗು ಕಾದು ನೀಲಿಬಣ್ಣಕ್ಕೆ ತಿರುಗಿದರೆ ಉಕ್ಕಿನ ಹದವು ಹೋಯಿತೆಂದೇ ತಿಳಿಯಬೇಕು. ಅಂಥ ಅಲಗು ಆ ದಿನ ಹರಿತವಾಗಿ ಕಂಡರೂ ಬೇಗನೆ ಮತ್ತೆ ಮೊಂಡಾಗುವುದು. ಆದಕಾರಣ ಅಲಗನ್ನು ಮನೆಯಲ್ಲಿಯೇ ಆಗಾಗ ಸ್ವಲ್ಪ ಸ್ವಲ್ಪವಾಗಿ ಮಸೆದುಕೊಳ್ಳುವುದೇ ಮೇಲು.

ಮೊಂಡು ಅಲಗಿನಿಂದಾಗುವ ನಷ್ಟಗಳು ಹಲವು. ಮೋಟಾರಿಗೆ ಭಾರ ಹೆಚ್ಚಿ ವಿದ್ಯುತ್ತು ವ್ಯರ್ಥವಾಗುವುದು. ನೇಪಿಯರ್ ಹುಲ್ಲಿನ ಗಟ್ಟಿ ಕಾಂಡವೂ ಮುಸುಕಿನ ಜೋಳದ ದಂಟೂ ತುಂಡಾಗದೆ ನಾರುನಾರಾಗಿ ಬರುವುವು. ಹಸುಗಳು ಎಲೆಯನ್ನು ಆರಿಸಿ ತಿಂದು ಉಳಿದುದನ್ನು ಗೋದಲೆಯಲ್ಲಿಯೇ ಬಿಡುವುವು. ಆದರೆ ಇವೆಲ್ಲಕ್ಕಿಂತ ದೊಡ್ಡದಾದ ಇನ್ನೊಂದು ನಷ್ಟವುಂಟು. ಹರಿತವಾದ ಯಂತ್ರವು ಮೇವನ್ನು ತಾನಾಗಿಯೇ ಎಳೆದುಕೊಳ್ಳುವುದು. ಮೊಂಡಾದದ್ದು ಬಾಯಲ್ಲಿ ಕಟ್ಟಿಕೊಳ್ಳುವುದು. ಆಗ ಮೇವು ಹಾಕುವವರು ಅದನ್ನು ಕೈಯಿಂದ ಒಳಕ್ಕೆ ನೂಕುವರು. ಸಿಕ್ಕಿದ್ದ ಹಿಡಿಯು ಒಮ್ಮೆಲೆ ಸಡಿಲವಾದರೆ ಹುಲ್ಲಿನೊಡನೆ ಬೆರಳುಗಳೂ ಉರುಳೆಗಳ ನಡುವೆ ಹೋಗುವುವು. ಹೋದ ಬೆರಳಿಗೆ ಯಾವ ಪರಿಹಾರವೂ ಸಮನಾಗದು.

ಇಲ್ಲಿ ಭೂಮಾಲೀಕರು ಆಲೋಚಿಸತಕ್ಕ ವಿಷಯವೊಂದಿದೆ. ಅಲಗನ್ನು ಮಸೆಯುವುದನ್ನು ನಾಳೆಗೆ ಮುಂದೂಡುವವನು ಯಜಮಾನ; ಯಂತ್ರದ ಬಾಯಿಗೆ ಕೈ ಒಡ್ಡುವವರು ಬಹುಶಃ ಮನೆಯ ಹೆಂಗಸರು ಅಥವಾ ಕೂಲಿಯಾಳು. ಅಪಾಯವನ್ನು ಅನುಭವಿಸುವವರಿಗೆ ಅದನ್ನು ತಪ್ಪಿಸುವ ಅಧಿಕಾರವಿಲ್ಲ, ಅಧಿಕಾರವುಳ್ಳವನಿಗೆ ಅಪಾಯವಿಲ್ಲ. ಆದುದರಿಂದ ಅಲಗಿನ ಹದವು ಆಳಿನ ಕೆಲಸವೆಂದು ಕೈಬಿಡತಕ್ಕದ್ದಲ್ಲ. ಅದು ಯಜಮಾನನ ಹೊಣೆ.

ಕೆಲಸವು ಕಷ್ಟವಾದುದಲ್ಲ. ಮೊದಲು ಮೋಟಾರಿನ ಸಂಪರ್ಕವನ್ನು ಪೂರ್ತಿಯಾಗಿ ಕಿತ್ತಿಡಬೇಕು. ಕರೆಂಟು ಹೋಗಿದೆಯೆಂದು ನಂಬಿ ಕೈಹಾಕುವುದು ಮಹಾಪರಾಧ. ಪಾಳಿಯಂತೆ ಕರೆಂಟು ಬರುವ ಊರಿನಲ್ಲಿ ಅದು ಮರಳುವ ಗಳಿಗೆಯನ್ನು ಯಾರೂ ಕೂಗಿ ಹೇಳುವುದಿಲ್ಲ. ಮೋಟಾರು ನಿಂತ ಮೇಲೂ ದೊಡ್ಡ ಚಕ್ರವು ಕೆಲವು ಸುತ್ತು ತಿರುಗುವುದರಿಂದ, ಅದು ನಿಂತ ಬಳಿಕ ಮರದ ತುಂಡೊಂದನ್ನು ಅಡ್ಡಕೊಟ್ಟು ಬಿಗಿಮಾಡಬೇಕು. ಅನಂತರ ಅಲಗುಗಳನ್ನು ಬಿಚ್ಚಿ, ಅಂಟಿದ ಹಸಿರುರಸವನ್ನು ತೊಳೆದು ಒರೆಸಬೇಕು.

ಅಲಗಿನ ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ಇಳಿಜಾರು. ಇಳಿಜಾರಾದ ಮಗ್ಗುಲನ್ನು ಮಾತ್ರ, ಮೊದಲಿನ ಓರೆಯನ್ನು ಬದಲಾಯಿಸದೆ, ಒದ್ದೆಯಾದ ಮಸೆಗಲ್ಲಿನ ಮೇಲೆ ಉಜ್ಜಬೇಕು. ಚಪ್ಪಟೆ ಮಗ್ಗುಲಿನಲ್ಲಿ ಏಳುವ ಸಣ್ಣ ಎಸಳನ್ನು ತೆಗೆಯಲು ಅಲಗನ್ನು ಕಲ್ಲಿಗೆ ಸಮನಾಗಿ ಒತ್ತಿ ಒಂದೆರಡು ಸಲ ಎಳೆದರೆ ಸಾಕು. ಜೋಡಿ ಅಲಗುಗಳೆರಡನ್ನೂ ಒಂದೇ ಪ್ರಮಾಣದಲ್ಲಿ ಸವೆಯಿಸಬೇಕು; ಒಂದು ಹಗುರವಾದರೆ ಚಕ್ರವು ನಡುಗಿ ತಿರುಪುಗಳು ಸಡಿಲವಾಗುವುವು. ಮರಳಿ ಜೋಡಿಸುವಾಗ ತಿರುಗುವ ಅಲಗು ಕೆಳಗಿನ ಸ್ಥಿರವಾದ ಅಲಗಿಗೆ ಬಡಿಯದಂತೆ, ಆದರೆ ಅತಿ ಹತ್ತಿರವಾಗಿ ಹಾಯುವಂತೆ ಹೊಂದಿಸಬೇಕು. ಹಳೆಯ ವೃತ್ತಪತ್ರಿಕೆಯ ಚೂರೊಂದನ್ನು ಮರದ ಕಡ್ಡಿಯಿಂದ ಒಡ್ಡಿ ಚಕ್ರವನ್ನು ಕೈಯಿಂದ ಮೆಲ್ಲನೆ ತಿರುಗಿಸಿದಾಗ, ಅದು ಹರಿಯದೆ ಉದ್ದಕ್ಕೂ ನೇರವಾಗಿ ತುಂಡಾದರೆ ಹೊಂದಿಕೆ ಸರಿಯಾಗಿದೆಯೆಂದು ಅರ್ಥ. ಕೆಲಸ ಮುಗಿದ ಮೇಲೆ ಅಡಿಗೆಯ ಎಣ್ಣೆಯನ್ನು ತೆಳುವಾಗಿ ಸವರಿದರೆ ತುಕ್ಕು ಹಿಡಿಯದು.

ಅಲಗಿನಲ್ಲಿ ಮುಕ್ಕು ಕಂಡುಬಂದರೆ ಮಸೆಯುವುದಕ್ಕೆ ಮೊದಲು ಆ ದಿನದ ಮೇವನ್ನು ಹುಡುಕತಕ್ಕದ್ದು. ಮುರಿದ ಉಕ್ಕಿನ ಚೂರೋ, ಅದನ್ನು ಮುರಿದ ಮೊಳೆ ಅಥವಾ ತಂತಿಯೋ ಗೋದಲೆಯಲ್ಲಿರಬಹುದು. ಹಸುವು ಅಂಥದನ್ನು ಅಗಿಯದೆ ನುಂಗುವುದು. ಅದು ಎರಡನೆಯ ಹೊಟ್ಟೆಯಲ್ಲಿ ನೆಲಸಿ, ಗೋಡೆಯನ್ನು ಚುಚ್ಚಿಕೊಂಡು ಸಮೀಪದಲ್ಲಿರುವ ಹೃದಯದವರೆಗೂ ಹೋಗಬಲ್ಲದು. ಊರು ಬೆಳೆದು ಕಟ್ಟಡಗಳ ಕೆಲಸ ಹೆಚ್ಚಿರುವ ಈ ಪ್ರಾಂತದಲ್ಲಿ ತಂತಿಯ ಚೂರುಗಳಿಗೆ ಬರವಿಲ್ಲ. ಆದುದರಿಂದ ಮೇವನ್ನು ಯಂತ್ರಕ್ಕೆ ಒಡ್ಡುವ ಮುನ್ನ ಕೊಡವಿ ನೋಡುವುದು ಅಲಗಿಗೂ ಹಿತ, ಹಸುವಿಗೂ ಹಿತ.

ಈ ಸೀಮೆಯವರಿಗೆ ಸುಧಾರಿಸಿದ ವ್ಯವಸಾಯವು ಹೊಸದಲ್ಲ. ಮಹಾರಾಣಿ ಕೆಂಪನಂಜಮ್ಮಣ್ಣಿಯವರು ದಾನವಿತ್ತ 30 ಎಕರೆ ಭೂಮಿಯಲ್ಲಿ ಹೆಬ್ಬಾಳದ ಪ್ರಯೋಗಕ್ಷೇತ್ರವು 1899ರಲ್ಲಿ ಆರಂಭವಾಯಿತು; 1913ರಲ್ಲಿ ಅಲ್ಲಿಯೇ ವ್ಯವಸಾಯ ಶಾಲೆಯೂ 1946ರಲ್ಲಿ ಕಾಲೇಜೂ ಏರ್ಪಟ್ಟುವು; 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ ನಡೆಯುವ ಕೃಷಿಮೇಳದಲ್ಲಿ ಯಂತ್ರಗಳನ್ನು ನೋಡಲು ಜನರು ಗುಂಪುಗೂಡುವರು. ಅದು ಸಂತೋಷಕರವೇ ಸರಿ. ಆದರೆ ಯಂತ್ರದ ಬೆಲೆಯನ್ನು ವಿಚಾರಿಸುವವರು ಅದರ ಅಲಗನ್ನು ಹೇಗೆ ಬಿಚ್ಚುವುದೆಂಬುದನ್ನೂ ಬದಲಿ ಅಲಗು ಎಲ್ಲಿ ದೊರೆಯುವುದೆಂಬುದನ್ನೂ ವಿಚಾರಿಸಿದರೆ ಆ ಸಂತೋಷವು ಪೂರ್ಣವಾಗುವುದು.

ಗ್ರಾಮದ ಮುಖಂಡರು ಮನಸ್ಸು ಮಾಡಿದರೆ ಅಲ್ಪ ವೆಚ್ಚದಲ್ಲಿಯೇ ಇದಕ್ಕೆ ವ್ಯವಸ್ಥೆಯಾಗಬಲ್ಲದು. ಹಾಲಿನ ಸಂಘದ ಕಟ್ಟೆಯ ಬಳಿ ಒಂದು ಒಳ್ಳೆಯ ಸಾಣೆಕಲ್ಲನ್ನು ಇಡಿಸಿ, ಕೆಲಸ ಬಲ್ಲ ಒಬ್ಬನಿಂದ ಊರಿನ ಇಬ್ಬರು ಮೂವರು ತರುಣರಿಗೂ ಹೆಂಗಸರಿಗೂ ಕಲಿಸಿಕೊಡಬಹುದು. ಮುಕ್ಕಾದ ಅಲಗನ್ನು ಸರಿಪಡಿಸುವುದಕ್ಕೂ ಹದ ಹಾಕುವುದಕ್ಕೂ ಕಮ್ಮಾರನು ಬೇಕೇ ಬೇಕು. ಊರಿನಲ್ಲಿ ಕುಲುಮೆ ಉಳಿದಿದ್ದರೆ ಅವನಿಗೆ ಆ ಕೆಲಸವನ್ನು ಒದಗಿಸುವುದು ಧರ್ಮವೂ ಹೌದು.

ಸೋಮವಾರ ಎತ್ತನ್ನು ಹೂಡದೆ ಅದಕ್ಕೆ ಬಿಡುವು ಕೊಡುವ ಸಂಪ್ರದಾಯ ಈ ನಾಡಿನಲ್ಲಿ ಉಂಟು. ದುಡಿಯುವ ಪ್ರಾಣಿಯನ್ನು ಗಮನಿಸಬೇಕೆಂಬ ವಿವೇಕವೇ ಅದರ ತಿರುಳು. ಯಂತ್ರಕ್ಕೂ ವಾರಕ್ಕೊಂದು ಗಳಿಗೆಯನ್ನು ಮೀಸಲಿಡುವುದು ಅದೇ ವಿವೇಕದ ಮುಂದುವರಿಕೆ. ಆಯುಧಪೂಜೆಯ ದಿನ ಅಲಗಿಗೆ ಕುಂಕುಮವಿಟ್ಟು ವರ್ಷವೆಲ್ಲ ಅದನ್ನು ಮೊಂಡಾಗಿ ಬಿಡುವುದು ಪೂಜೆಯಾಗಲಾರದು. ಹರಿತವಾದ ಅಲಗೂ ಹತ್ತು ಬೆರಳೂ ಉಳಿದಿರುವ ಮನೆಯಲ್ಲಿಯೇ ಆ ಪೂಜೆ ಸಾರ್ಥಕ.