ವೇಗಕ್ಕೂ ನೆಲೆ ಬೇಕು

ಮಾನವನಿಗೆ ವೇಗದ ಮೋಹ ಇಂದು ನಿನ್ನೆಯದಲ್ಲ. ಕುದುರೆಯನ್ನು ಪಳಗಿಸಿದ ದಿನದಿಂದಲೇ ಯಾರ ಕುದುರೆ ಮುಂದು ಎಂಬ ಪ್ರಶ್ನೆಯೂ ಹುಟ್ಟಿರಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೋಟಾರು ಗಾಡಿ ರಸ್ತೆಗಿಳಿದಾಗ ಈ ಹಳೆಯ ಮೋಹಕ್ಕೆ ಹೊಸ ರೆಕ್ಕೆಗಳು ಮೂಡಿದುವು. 1894ರಲ್ಲಿ ಪ್ಯಾರಿಸ್ ನಗರದ ಪತ್ರಿಕೆಯೊಂದು ಅಲ್ಲಿಂದ ರುವಾನ್ ಪಟ್ಟಣದವರೆಗೆ ಮೋಟಾರು ಗಾಡಿಗಳ ಸ್ಪರ್ಧೆಯನ್ನು ಏರ್ಪಡಿಸಿತು. 1906ರಲ್ಲಿ ಫ್ರಾನ್ಸಿನ ಲ ಮಾನ್ ಪಟ್ಟಣದ ಬಳಿ 'ಗ್ರಾಂಡ್ ಪ್ರಿ', ಅಂದರೆ 'ಮಹಾ ಬಹುಮಾನ' ಎಂಬ ಹೆಸರಿನ ಪಂದ್ಯ ಮೊದಲಾಯಿತು. 1950ರಲ್ಲಿ ಇಂತಹ ಪಂದ್ಯಗಳನ್ನೆಲ್ಲ ಒಂದು ಸರಪಣಿಯಲ್ಲಿ ಕೋದು 'ವಿಶ್ವ ಚಾಂಪಿಯನ್‌ಷಿಪ್' ಎಂದು ಕರೆಯಲಾಯಿತು. ಫಾರ್ಮುಲಾ ಒನ್ ಎಂದು ಲೋಕಪ್ರಸಿದ್ಧವಾದ ಕ್ರೀಡೆ ಇದೇ.

ಹೆಸರೇನೋ ವಿಶ್ವದ್ದು, ಆದರೆ ಅಂದಿನ ವಿಶ್ವ ಬಹಳ ಚಿಕ್ಕದಾಗಿತ್ತು. 1950ರಲ್ಲಿ ನಡೆದ ಏಳು ಪಂದ್ಯಗಳಲ್ಲಿ ಆರು ಯುರೋಪಿನಲ್ಲಿಯೇ ನಡೆದುವು. ಉಳಿದ ಒಂದು ಅಮೆರಿಕದ ಇಂಡಿಯಾನಾಪೊಲಿಸಿನಲ್ಲಿ ನಡೆಯಿತು. 2024ರ ವೇಳೆಗೆ ಪಂದ್ಯಗಳ ಸಂಖ್ಯೆ 24ಕ್ಕೆ ಏರಿತ್ತು. ಅವು 21 ದೇಶಗಳಲ್ಲಿ, ಐದು ಖಂಡಗಳಲ್ಲಿ ಹರಡಿಕೊಂಡಿದ್ದುವು. ಆದರೂ ಬಾಗಿಲಲ್ಲಿ ಕಾದು ನಿಂತ ದೇಶಗಳ ಸಾಲು ಕರಗಿಲ್ಲ. ಈ ಪಂದ್ಯಗಳು ಇನ್ನೂ ಹೆಚ್ಚು ದೇಶಗಳಿಗೆ ಹೋಗಬೇಕೆ, ಬೇಡವೆ ಎಂಬ ಚರ್ಚೆ ಈಗ ಕ್ರೀಡಾಭಿಮಾನಿಗಳಿಗೆ ಮಾತ್ರ ಸೇರಿದ್ದಲ್ಲ. ಒಂದು ಪಂದ್ಯಕ್ಕಾಗಿ ನೂರಾರು ಎಕರೆ ನೆಲ, ಜನತೆಯ ಬೊಕ್ಕಸದ ಹಣ, ಎಲ್ಲರೂ ಉಸಿರಾಡುವ ಗಾಳಿ ಇವೆಲ್ಲವೂ ವೆಚ್ಚವಾಗುವುದರಿಂದ, ಕಾರನ್ನೇ ಏರದ ಮನುಷ್ಯನಿಗೂ ಇದರಲ್ಲಿ ಮಾತನಾಡುವ ಹಕ್ಕುಂಟು.

ಹೆಚ್ಚು ದೇಶಗಳಿಗೆ ಹೋಗಬೇಕೆನ್ನುವವರ ವಾದದಲ್ಲಿ ಹುರುಳಿಲ್ಲದಿಲ್ಲ. ವಿಶ್ವ ಎಂಬ ಹೆಸರನ್ನು ಹೊತ್ತ ಮೇಲೆ ವಿಶ್ವದ ಜನರೆಲ್ಲರಿಗೂ ಅದರಲ್ಲಿ ಪಾಲಿರಬೇಕಾದುದು ನ್ಯಾಯ. ದೂರದರ್ಶನದ ಪರದೆಯ ಮೇಲೆ ಕಂಡುದನ್ನು ತನ್ನ ನೆಲದಲ್ಲಿಯೇ ಕಣ್ಣಾರೆ ಕಂಡ ಬಾಲಕನೊಬ್ಬ ಚಾಲಕನಾಗುವ, ಬಾಲಕಿಯೊಬ್ಬಳು ಯಂತ್ರಶಿಲ್ಪಿಯಾಗುವ ಕನಸನ್ನು ಕಾಣಬಹುದು. ಬಾವುಟ ಬೀಸುವವರು, ಬೆಂಕಿ ಆರಿಸುವವರು, ಗಾಯಾಳುಗಳನ್ನು ನೋಡಿಕೊಳ್ಳುವ ವೈದ್ಯರು, ಗಾಡಿಗಳನ್ನು ಪರೀಕ್ಷಿಸುವ ತಂತ್ರಜ್ಞರು ಇವರೆಲ್ಲರನ್ನೂ ಒಂದು ದೊಡ್ಡ ಪಂದ್ಯ ತರಬೇತುಗೊಳಿಸುತ್ತದೆ. ಪಂದ್ಯ ಮುಗಿದ ಮೇಲೂ ಅವರ ಅನುಭವ ಆ ದೇಶದಲ್ಲಿ ಉಳಿಯುತ್ತದೆ. ಕೆಲವೇ ದೇಶಗಳ ಸೊತ್ತಾಗಿದ್ದ ವಿದ್ಯೆ ಹಲವರ ಕೈಗೆ ಬರುವುದು ಸದಾ ಸ್ವಾಗತಾರ್ಹವೇ.

ಇದಕ್ಕೆ ಹಂಗೆರಿಯ ಉದಾಹರಣೆಯನ್ನು ನೋಡಬಹುದು. 1986ರಲ್ಲಿ ಫಾರ್ಮುಲಾ ಒನ್ ಪಂದ್ಯ ಮೊತ್ತಮೊದಲು ಪೂರ್ವ ಯುರೋಪಿನ ಕಮ್ಯೂನಿಸ್ಟ್ ದೇಶವೊಂದಕ್ಕೆ ಕಾಲಿಟ್ಟಿತು. ಬುಡಾಪೆಸ್ಟ್ ನಗರದ ಹೊರವಲಯದಲ್ಲಿ ಹೊಸ ಪಥವೊಂದು ಸಿದ್ಧವಾಯಿತು. ಕಬ್ಬಿಣದ ಪರದೆಯೆಂದು ಹೆಸರಾಗಿದ್ದ ಗಡಿಯ ಒಳಗಿನ ಜನ ಪಂದ್ಯವನ್ನು ನೋಡಲು ಕಿಕ್ಕಿರಿದು ನೆರೆದರು. ಅನಂತರ ಆ ದೇಶದ ಸರ್ಕಾರ ಬದಲಾಯಿತು, ವ್ಯವಸ್ಥೆ ಬದಲಾಯಿತು. ಆದರೆ ಪಂದ್ಯ ಮಾತ್ರ 2025ರವರೆಗೆ ಒಂದು ವರ್ಷವೂ ತಪ್ಪಲಿಲ್ಲ. ಇದು ಆಕಸ್ಮಿಕವಲ್ಲ. 1906ರ ಆ ಮೊದಲ ಗ್ರಾಂಡ್ ಪ್ರಿಯನ್ನು ಗೆದ್ದ ಫೆರೆಂಟ್ಸ್ ಸಿಸ್ ಹುಟ್ಟಿದ್ದು ಹಂಗೆರಿಯಲ್ಲಿ. 1936ರಲ್ಲಿಯೇ ಬುಡಾಪೆಸ್ಟಿನ ಉದ್ಯಾನವನದ ರಸ್ತೆಗಳಲ್ಲಿ ಗ್ರಾಂಡ್ ಪ್ರಿ ನಡೆದು, ಇಟಲಿಯ ಪ್ರಖ್ಯಾತ ಚಾಲಕ ನುವೊಲಾರಿ ಅದನ್ನು ಗೆದ್ದಿದ್ದನು. ಅರ್ಧ ಶತಮಾನ ಮಣ್ಣಿನಡಿಯಲ್ಲಿದ್ದ ಬೇರು ಮಳೆ ಬಿದ್ದೊಡನೆ ಮತ್ತೆ ಚಿಗುರಿತು.

ಜಪಾನಿನ ಕಥೆಯೂ ಇಂತಹದೇ. ಅಲ್ಲಿಯ ಹೋಂಡಾ ಸಂಸ್ಥೆ 1962ರಲ್ಲಿ ಸುಜುಕಾ ಎಂಬಲ್ಲಿ ತನ್ನ ವಾಹನಗಳನ್ನು ಪರೀಕ್ಷಿಸಲೆಂದು ಪಥವೊಂದನ್ನು ಕಟ್ಟಿಸಿತು. 1964ರಲ್ಲಿ ಅದೇ ಸಂಸ್ಥೆಯ ಕಾರು ಫಾರ್ಮುಲಾ ಒನ್ ಕಣಕ್ಕಿಳಿಯಿತು. ಮರುವರ್ಷವೇ ಮೆಕ್ಸಿಕೋ ಪಂದ್ಯವನ್ನು ಗೆದ್ದಿತು. ವಿಶ್ವ ಚಾಂಪಿಯನ್‌ಷಿಪ್‌ನ ಪಂದ್ಯ ಜಪಾನಿಗೆ ಬಂದದ್ದು 1976ರಲ್ಲಿ, ಫುಜಿ ಪಥಕ್ಕೆ. ಸುಜುಕಾಕ್ಕೆ ಬಂದದ್ದು 1987ರಲ್ಲಿ. ಅಷ್ಟರಲ್ಲಿ ಆ ನಾಡಿನಲ್ಲಿ ಯಂತ್ರ ಕಟ್ಟುವವರು, ಓಡಿಸುವವರು, ಪಂದ್ಯದ ಸೂಕ್ಷ್ಮವನ್ನು ಬಲ್ಲ ಪ್ರೇಕ್ಷಕರು ಎಲ್ಲರೂ ಇದ್ದರು. ಪಂದ್ಯ ಅಲ್ಲಿಗೆ ಅತಿಥಿಯಂತೆ ಬರಲಿಲ್ಲ, ಮನೆಮಗನಂತೆ ಬಂದಿತು.

ಇದಕ್ಕೆ ವ್ಯತಿರಿಕ್ತವಾದ ನಿದರ್ಶನ ದಕ್ಷಿಣ ಕೊರಿಯಾದ್ದು. ಅಲ್ಲಿ ರಾಜಧಾನಿ ಸೋಲ್ ನಗರದಿಂದ ಬಹುದೂರ, ದೇಶದ ನೈಋತ್ಯ ಮೂಲೆಯ ಯೊಂಗಾಮಿನಲ್ಲಿ ಪಥ ನಿರ್ಮಾಣವಾಯಿತು. ಪಥದ ಸುತ್ತ ಹೊಸ ಪಟ್ಟಣವೊಂದು ತಲೆಯೆತ್ತುವುದೆಂಬ ನಿರೀಕ್ಷೆಯಿತ್ತು. 2010ರಿಂದ 2013ರವರೆಗೆ ನಾಲ್ಕು ಪಂದ್ಯಗಳು ನಡೆದುವು, ಪಟ್ಟಣ ಏಳಲಿಲ್ಲ, ಪಂದ್ಯವೂ ನಿಂತಿತು. ವಿಯೆಟ್ನಾಮಿನ ಹನೋಯ್ ನಗರದಲ್ಲಿ 2020ರ ಪಂದ್ಯಕ್ಕಾಗಿ ಪಥ ಸಿದ್ಧವಾಯಿತು. ಸಾಂಕ್ರಾಮಿಕ ರೋಗದ ಕಾರಣದಿಂದ ಆ ವರ್ಷದ ಪಂದ್ಯ ರದ್ದಾಯಿತು. ಮುಂದಿನ ವರ್ಷಗಳ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲವಾಯಿತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದೆಂದರೆ ಇದೇ.

ಭಾರತದ ಅನುಭವ ಇವೆರಡರ ನಡುವಿನದು. ಆದುದರಿಂದಲೇ ಹೆಚ್ಚು ವಿಚಾರಯೋಗ್ಯವಾದುದು. ದೆಹಲಿಗೆ ಸಮೀಪದ ಗ್ರೇಟರ್ ನೊಯಿಡಾದಲ್ಲಿ ಐದು ಕಿಲೋಮೀಟರಿಗೂ ತುಸು ಮಿಗಿಲಾದ ಪಥ ನಿರ್ಮಾಣಗೊಂಡು, 2011ರ ಅಕ್ಟೋಬರಿನಲ್ಲಿ ಮೊದಲ ಪಂದ್ಯ ನಡೆಯಿತು. ಸಚಿನ್ ತೆಂಡೂಲ್ಕರ್ ಚೌಕುಳಿ ಬಾವುಟವನ್ನು ಬೀಸಿ ಪಂದ್ಯವನ್ನು ಮುಗಿಸಿದರು. ಪಥ ಉತ್ತಮವಾಗಿದೆಯೆಂದು ಚಾಲಕರು ಹೊಗಳಿದರು. ನಡೆದ ಮೂರು ಪಂದ್ಯಗಳನ್ನೂ ಜರ್ಮನಿಯ ಸೆಬಾಸ್ಟಿಯನ್ ವೆಟ್ಟೆಲ್ ಗೆದ್ದನು. 2013ರಲ್ಲಿ ಅಲ್ಲಿಯೇ ನಾಲ್ಕನೆಯ ಬಾರಿ ವಿಶ್ವ ಚಾಂಪಿಯನ್ ಆಗಿ, ತನ್ನ ಕಾರಿನ ಮುಂದೆ ಮೊಣಕಾಲೂರಿ ನಮಿಸಿದನು. ಆ ನೆಲದಲ್ಲಿ ನಡೆದ ಕೊನೆಯ ಫಾರ್ಮುಲಾ ಒನ್ ಪಂದ್ಯ ಅದೇ ಆಯಿತು. ಇದು ಕ್ರೀಡೆಯೋ ಮನರಂಜನೆಯೋ ಎಂಬ ವಿವಾದ, ತೆರಿಗೆಯ ತಕರಾರು ಇವು ನ್ಯಾಯಾಲಯದ ಮೆಟ್ಟಿಲೇರಿದುವು. ಪಂದ್ಯದ ಹಕ್ಕುಳ್ಳ ವಿದೇಶೀ ಸಂಸ್ಥೆ ಭಾರತದಲ್ಲಿ ತೆರಿಗೆ ತೆರಬೇಕೆಂದು 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಪಥವನ್ನು ಕಟ್ಟಿದ ಸಂಸ್ಥೆ ಸಾಲದ ಹೊರೆಯಲ್ಲಿ ಕುಸಿಯಿತು.

ಭಾರತದಲ್ಲಿ ಈ ಕ್ರೀಡೆಗೆ ಬೇರೇ ಇರಲಿಲ್ಲವೆಂದರೆ ತಪ್ಪಾದೀತು. ಮದರಾಸಿನ ಬಳಿಯ ಶೋಲಾವರದ ಹಳೆಯ ವಿಮಾನ ಪಟ್ಟಿಯ ಮೇಲೆ ದಶಕಗಳ ಕಾಲ ಪಂದ್ಯಗಳು ನಡೆದಿದ್ದುವು. ಅಲ್ಲಿಯ ಮೋಟಾರು ಕ್ರೀಡಾ ಸಂಘವು ಶ್ರೀಪೆರಂಬುದೂರಿನ ಹತ್ತಿರ ತನ್ನದೇ ಪಥವನ್ನು ಕಟ್ಟಿಕೊಂಡಿತ್ತು. 2005ರಲ್ಲಿ ಫಾರ್ಮುಲಾ ಒನ್ ಪ್ರವೇಶಿಸಿದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಕೊಯಮತ್ತೂರಿನವರು. ಹೀಗೆ ಬೇರು ಆಳವಾಗಿ ಇಳಿದಿದ್ದುದು ದಕ್ಷಿಣದಲ್ಲಿ. ಮಹಾ ಪಥ ಎದ್ದುದು ಉತ್ತರದಲ್ಲಿ. ಕಾರ್ತಿಕೇಯನ್ 2011 ಮತ್ತು 2012ರ ಭಾರತದ ಪಂದ್ಯಗಳಲ್ಲಿ ಓಡಿದರು. 2013ರ ಪಂದ್ಯದಲ್ಲಿ ಒಬ್ಬ ಭಾರತೀಯ ಚಾಲಕನೂ ಇರಲಿಲ್ಲ. ಬೆಂಗಳೂರಿನ ಕುಶ್ ಮೈನಿ 2025ರಲ್ಲಿ ಮೊನಾಕೋ ಬೀದಿಗಳಲ್ಲಿ ಫಾರ್ಮುಲಾ ಟೂ ದರ್ಜೆಯ ಕಿರು ಪಂದ್ಯವೊಂದನ್ನು ಗೆದ್ದಾಗ ಕನ್ನಡ ನಾಡು ಹೆಮ್ಮೆಪಟ್ಟಿತು. ಆದರೆ ಆ ತರುಣನು ಮೇಲಕ್ಕೇರಿದ ಮೆಟ್ಟಿಲುಗಳು ಇಟಲಿ, ಬ್ರಿಟನ್ ಮುಂತಾದ ದೇಶಗಳ ಪಥಗಳಲ್ಲಿದ್ದುವು ಎಂಬುದನ್ನು ಮರೆಯಬಾರದು. ನೊಯಿಡಾದ ಮಹಾ ಪಥದಿಂದ ಅಂತಹ ಮೆಟ್ಟಿಲುಗಳು ಭಾರತದಲ್ಲಿ ಹುಟ್ಟಲಿಲ್ಲ. ಎಳೆಯರು ಕಲಿಯುವ ಹತ್ತು ಸಣ್ಣ ಪಥಗಳಿಲ್ಲದ ಕಡೆ ಒಂದು ಮಹಾ ಪಥವೆಂದರೆ ಪ್ರಾಥಮಿಕ ಶಾಲೆಗಳಿಲ್ಲದ ಊರಿನಲ್ಲಿ ಕಟ್ಟಿದ ವಿಶ್ವವಿದ್ಯಾಲಯವಿದ್ದಂತೆ.

ಪಂದ್ಯಗಳು ಹೀಗೆ ಬಂದು ಹೋಗುವುದಕ್ಕೆ ಅವುಗಳ ಹಣಕಾಸಿನ ವ್ಯವಸ್ಥೆಯೂ ಕಾರಣ. ಪಂದ್ಯವನ್ನು ಬರಮಾಡಿಕೊಳ್ಳುವವರು ಹಕ್ಕುದಾರ ಸಂಸ್ಥೆಗೆ ಪ್ರತಿವರ್ಷ ಭಾರಿ ಶುಲ್ಕವನ್ನು ತೆರಬೇಕು. ದೂರದರ್ಶನದ ಪ್ರಸಾರದಿಂದಲೂ ಪಥದ ಬದಿಯ ಜಾಹೀರಾತುಗಳಿಂದಲೂ ಬರುವ ಆದಾಯ ಬಹುಮಟ್ಟಿಗೆ ಆ ಸಂಸ್ಥೆಗೇ ಸಲ್ಲುತ್ತದೆ. ಆತಿಥೇಯನ ಕೈಗೆ ದಕ್ಕುವುದು ಮುಖ್ಯವಾಗಿ ಪ್ರವೇಶ ಧನ ಮಾತ್ರ. ಕೊರತೆ ಬಿದ್ದರೆ ಅದನ್ನು ತುಂಬುವುದು ಸಾಮಾನ್ಯವಾಗಿ ಸರ್ಕಾರದ ಬೊಕ್ಕಸ. 1999ರಿಂದ ಸೆಪಾಂಗಿನಲ್ಲಿ ಪಂದ್ಯವನ್ನು ನಡೆಸುತ್ತಿದ್ದ ಮಲೇಷ್ಯಾ ಸರ್ಕಾರವು ವೆಚ್ಚ ಏರುತ್ತಿದೆ, ಪ್ರೇಕ್ಷಕರು ಇಳಿಯುತ್ತಿದ್ದಾರೆ ಎಂದು 2017ರಲ್ಲಿ ಕೈಬಿಟ್ಟಿತು. ಮತ್ತೊಂದು ಕಡೆ, ಈ ಕ್ರೀಡೆಯ ತವರಾದ ಫ್ರಾನ್ಸ್ ಕೂಡ 2022ರ ಬಳಿಕ ಪಟ್ಟಿಯಿಂದ ಹೊರಬಿದ್ದಿತು. ಹೆಚ್ಚು ತೆರುವವನಿಗೇ ಪಂದ್ಯವೆಂದಾದರೆ ಅದು ಹರಾಜಿನ ಸರಕಾಗುವುದೇ ಹೊರತು ವಿಶ್ವದ ಕ್ರೀಡೆಯಾಗದು.

ಈ ನೀತಿಯ ಅನ್ಯಾಯ ಎದ್ದು ಕಾಣುವುದು ಆಫ್ರಿಕಾ ಖಂಡದಲ್ಲಿ. 1979ರಲ್ಲಿ ವಿಶ್ವ ಚಾಂಪಿಯನ್ ಆದ ಜೋಡಿ ಶೆಕ್ಟರ್ ದಕ್ಷಿಣ ಆಫ್ರಿಕಾದವನು. 1962ರಿಂದ ಆ ದೇಶದಲ್ಲಿ ಪಂದ್ಯಗಳು ನಡೆದುವು. ಬಿಳಿಯರು ಕರಿಯರನ್ನು ಬೇರ್ಪಡಿಸಿ ಆಳುತ್ತಿದ್ದ ಆ ಕಾಲದಲ್ಲಿ ಅನೇಕ ಕ್ರೀಡೆಗಳು ಅಲ್ಲಿಗೆ ಹೋಗಲು ನಿರಾಕರಿಸಿದರೂ ಮೋಟಾರು ಪಂದ್ಯ 1985ರವರೆಗೂ ಹೋಗುತ್ತಿತ್ತು. ಆ ಕ್ರೂರ ವ್ಯವಸ್ಥೆ ಕೊನೆಗಾಣುತ್ತಿದ್ದ 1992 ಮತ್ತು 1993ರಲ್ಲಿ ಎರಡು ಪಂದ್ಯಗಳು ನಡೆದುವು. ಎಲ್ಲ ಪ್ರಜೆಗಳಿಗೂ ಮತದ ಹಕ್ಕು ದೊರೆತುದು 1994ರಲ್ಲಿ. ಅಂದಿನಿಂದೀಚೆಗೆ ಅಲ್ಲಿಯಾಗಲಿ ಆ ಖಂಡದ ಬೇರೆ ಯಾವ ದೇಶದಲ್ಲಾಗಲಿ ಒಂದು ಪಂದ್ಯವೂ ನಡೆದಿಲ್ಲ. 2024ರ ಡಿಸೆಂಬರಿನಲ್ಲಿ ರುವಾಂಡಾ ದೇಶವು ತಾನು ಪಂದ್ಯವನ್ನು ನಡೆಸಲು ಸಿದ್ಧವೆಂದು ಸಾರಿತು. ಅಮೆರಿಕವೊಂದರಲ್ಲಿಯೇ ವರ್ಷಕ್ಕೆ ಮೂರು ಪಂದ್ಯಗಳು ನಡೆಯುವಾಗ ಒಂದು ಇಡೀ ಖಂಡಕ್ಕೆ ಒಂದೂ ಇಲ್ಲವೆಂದರೆ, ಅದನ್ನು ವಿಶ್ವ ಚಾಂಪಿಯನ್‌ಷಿಪ್ ಎನ್ನಲು ನಾಲಗೆ ತಡವರಿಸಬೇಕು.

ಹಾಗೆಂದು ಪಟ್ಟಿಯನ್ನು ಉದ್ದ ಮಾಡುತ್ತ ಹೋಗುವುದೂ ಸಾಧುವಲ್ಲ. ಫಾರ್ಮುಲಾ ಒನ್ ಸಂಸ್ಥೆಯೇ ಪ್ರಕಟಿಸಿದ ಲೆಕ್ಕದಂತೆ, 2018ರ ಒಂದು ಋತುವಿನಲ್ಲಿ ಈ ಕ್ರೀಡೆ ವಾತಾವರಣಕ್ಕೆ ಸೇರಿಸಿದ ಇಂಗಾಲದ ಪ್ರಮಾಣ 2,56,551 ಟನ್ನುಗಳಿಗೆ ಸಮ. ಇದರಲ್ಲಿ ಓಟದ ಕಾರುಗಳು ಸುಟ್ಟ ಇಂಧನದ ಪಾಲು ನೂರಕ್ಕೆ ಒಂದೂ ಇಲ್ಲ, 0.7 ಮಾತ್ರ. ಸಾಮಾನು ಸರಂಜಾಮುಗಳ ಸಾಗಣೆಯ ಪಾಲು ನೂರಕ್ಕೆ 45. ಸಿಬ್ಬಂದಿಯ ಪ್ರಯಾಣದ ಪಾಲು ಸುಮಾರು 28. ಗುಡುಗುವ ಕಾರಿಗಿಂತ ಅದನ್ನು ಹೊತ್ತು ಖಂಡದಿಂದ ಖಂಡಕ್ಕೆ ಹಾರುವ ವಿಮಾನವೇ ಗಾಳಿಯನ್ನು ಹೆಚ್ಚು ಕೆಡಿಸುತ್ತದೆಂದಾಯಿತು. ತಿಂಗಳುಗಟ್ಟಲೆ ಮನೆಯ ಮುಖ ಕಾಣದೆ ದುಡಿಯುವ ಕೆಲಸಗಾರರ ಶ್ರಮಕ್ಕೂ ಒಂದು ಮಿತಿಯುಂಟು.

ಆದುದರಿಂದ ಈ ಪ್ರಶ್ನೆಗೆ ನ್ಯಾಯವಾದ ಉತ್ತರವೆಂದರೆ, ದೇಶಗಳು ಹೆಚ್ಚಲಿ, ಪಂದ್ಯಗಳು ಹೆಚ್ಚದಿರಲಿ ಎಂಬುದು. ಸರದಿಯ ಪದ್ಧತಿಯಿಂದ ಇದು ಸಾಧ್ಯ. 1950ರ ಪಟ್ಟಿಯಲ್ಲಿಯೂ ಇದ್ದ ಬೆಲ್ಜಿಯಂ ದೇಶದ ಸ್ಪಾ ಪಥವು 2028 ಮತ್ತು 2030ರಲ್ಲಿ ತನ್ನ ಪಂದ್ಯವನ್ನು ಬಿಟ್ಟುಕೊಡುವಂತೆ ಒಪ್ಪಂದವಾಗಿದೆ. ಅಷ್ಟು ಹಿರಿಯ ಪಥವೇ ಹೀಗೆ ಸರಿದು ಸ್ಥಳ ಕೊಡಬಹುದಾದರೆ, ಒಂದೇ ದೇಶದಲ್ಲಿ ಎರಡು ಮೂರು ಪಂದ್ಯಗಳನ್ನು ನಡೆಸುವವರು ಕೊಡಲಾರದುದೇನು? ನೆರೆಯ ದೇಶಗಳ ಪಂದ್ಯಗಳನ್ನು ಒಂದರ ಹಿಂದೆ ಒಂದು ನಡೆಸಿದರೆ ಸಾಗಣೆಯೂ ತಗ್ಗುತ್ತದೆ. ಜಪಾನಿನ ಪಂದ್ಯವನ್ನು 2024ರಲ್ಲಿ ಏಪ್ರಿಲ್ ತಿಂಗಳಿಗೆ ತಂದುದು ಆ ದಿಕ್ಕಿನ ಹೆಜ್ಜೆ.

ಇದಕ್ಕಿಂತ ಮುಖ್ಯವಾದ ಇನ್ನೊಂದು ನಿಯಮವಿರಬೇಕು. ಹೊಸ ದೇಶವನ್ನು ಆರಿಸುವಾಗ ಅದರ ಹಣದ ಚೀಲವನ್ನು ತೂಗುವ ಮೊದಲು, ಅಲ್ಲಿ ಮೋಟಾರು ಕ್ರೀಡೆಯ ಸಂಘಗಳಿವೆಯೆ, ಮಕ್ಕಳು ಕಲಿಯುವ ಪಥಗಳಿವೆಯೆ ಎಂದು ನೋಡಬೇಕು. ಆ ದೇಶ ತೆರುವ ಶುಲ್ಕದಲ್ಲಿ ಒಂದು ಪಾಲು ಅಲ್ಲಿಯ ಎಳೆಯರ ತರಬೇತಿಗೇ ಮರಳಬೇಕು. ಬೇರನ್ನು ಕೇಳಿದರೆ ಬಡದೇಶಗಳು ಎಂದೆಂದಿಗೂ ಹೊರಗೇ ಉಳಿಯುವುವೆಂದು ಕೆಲವರು ಆಕ್ಷೇಪಿಸಬಹುದು. ವಾಸ್ತವವಾಗಿ ಬಡದೇಶಗಳನ್ನು ಹೊರಗಿಟ್ಟಿರುವುದು ಶುಲ್ಕ, ಬೇರಲ್ಲ. ಸಣ್ಣ ಪಥವೊಂದನ್ನು ಕಟ್ಟಲು ಮಹಾ ಪಥದ ವೆಚ್ಚದ ಅಲ್ಪಾಂಶ ಸಾಕು. ಅದರ ಫಲ ಬಹುಕಾಲ ಬಾಳುತ್ತದೆ.

ಪಂದ್ಯ ಮುಗಿದು, ಕಾರುಗಳು ವಿಮಾನವೇರಿ, ಪ್ರೇಕ್ಷಕರ ಗದ್ದಲ ಅಡಗಿದ ಮೇಲೆ ಆ ನಾಡಿನಲ್ಲಿ ಏನು ಉಳಿಯಿತು ಎಂಬುದೇ ನಿಜವಾದ ಅಳತೆ. ಹುಲ್ಲು ಬೆಳೆದ ಡಾಂಬರು ಪಥ ಮಾತ್ರ ಉಳಿಯುವುದಾದರೆ ಆ ಪಂದ್ಯ ಅಲ್ಲಿಗೆ ಹೋಗದಿದ್ದರೇ ಲೇಸು. ಹತ್ತು ಮಂದಿ ತರುಣರ ಕೈಗೆ ಕೌಶಲವೂ ಮನಸ್ಸಿಗೆ ಧೈರ್ಯವೂ ಬಂದು, ಮುಂದೊಂದು ದಿನ ಅವರಲ್ಲೊಬ್ಬರು ತಮ್ಮ ನೆಲದಲ್ಲಿಯೇ ಕಲಿತು ವಿಶ್ವದ ಕಣಕ್ಕೆ ಇಳಿಯುವಂತಾದರೆ, ಅಂತಹ ನಾಡು ಎಷ್ಟು ದೂರದಲ್ಲಿದ್ದರೂ ಪಂದ್ಯ ಅಲ್ಲಿಗೆ ಹೋಗಲೇಬೇಕು.