ಹುಡುಕದವರಿಗೆ ಸಿಗದ ದಾಖಲೆ

2023ರ ಆಗಸ್ಟ್ 30. ಕಾಂತೊ ಮಹಾಭೂಕಂಪಕ್ಕೆ ನೂರು ವರ್ಷ ತುಂಬಲು ಇನ್ನೆರಡೇ ದಿನ ಬಾಕಿ. ಜಪಾನಿನ ಅಂದಿನ ಮುಖ್ಯ ಸಂಪುಟ ಕಾರ್ಯದರ್ಶಿ ಮತ್ಸುನೊ ಹಿರೊಕಾಜು ಅವರನ್ನು ಪತ್ರಕರ್ತರು ಕೇಳಿದ್ದು ಭೂಕಂಪದ ಬೆನ್ನಿಗೇ ನಡೆದ ಕೊರಿಯನ್ನರ ಹತ್ಯಾಕಾಂಡದ ಬಗ್ಗೆ. ನಿಜಸಂಗತಿಯನ್ನು ತಿಳಿಸುವಂಥ ದಾಖಲೆ ಸರ್ಕಾರದೊಳಗೆ ಕಂಡುಬಂದಿಲ್ಲ ಎಂಬುದು ಅವರ ಉತ್ತರದ ತಾತ್ಪರ್ಯ. ನಡೆದಿಲ್ಲ ಎನ್ನಲಿಲ್ಲ, ನಡೆಯಿತು ಎಂದೂ ಒಪ್ಪಲಿಲ್ಲ. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗಿನ ಈ ಉತ್ತರ ಹೊಸದಲ್ಲ. ಜಪಾನಿನ ಆಧುನಿಕ ಇತಿಹಾಸದ ಅಧ್ಯಯನಕ್ಕೆ ಕೈಹಾಕಿದವರೆಲ್ಲ ಒಂದಲ್ಲ ಒಂದು ದಿನ ಈ ಗೋಡೆಗೆ ಹಣೆ ತಾಗಿಸಿಕೊಂಡವರೇ.

1923ರ ಸೆಪ್ಟೆಂಬರ್ 1ರಂದು, ಮಧ್ಯಾಹ್ನಕ್ಕೆ ಎರಡು ನಿಮಿಷವಿರುವಾಗ ನೆಲ ನಡುಗಿತು. ಊಟಕ್ಕೆ ಹಚ್ಚಿದ್ದ ಒಲೆಗಳಿಂದ ಹಬ್ಬಿದ ಬೆಂಕಿ ಟೋಕಿಯೊ, ಯೊಕೊಹಾಮಾಗಳನ್ನು ನುಂಗಿತು. ಸತ್ತವರು, ಕಾಣೆಯಾದವರು ಸುಮಾರು 1,05,000. ಅಂದು ಸಂಜೆಯ ಹೊತ್ತಿಗಾಗಲೇ ವದಂತಿ ಎದ್ದಿತ್ತು: ಕೊರಿಯನ್ನರು ಬಾವಿಗೆ ವಿಷ ಬೆರೆಸುತ್ತಿದ್ದಾರೆ, ಮನೆಗಳಿಗೆ ಬೆಂಕಿ ಇಡುತ್ತಿದ್ದಾರೆ. ಮರುದಿನ ಸೇನಾಡಳಿತದ ಆಜ್ಞೆ ಬಂತು. ಬೀದಿಬೀದಿಗಳಲ್ಲಿ ಬಿದಿರಿನ ಭರ್ಜಿ, ಕೊಕ್ಕೆ, ಕತ್ತಿ ಹಿಡಿದ ಕಾವಲು ಪಡೆಗಳು ಎದ್ದವು. ದಾರಿಹೋಕರನ್ನು ತಡೆದು 'ಹದಿನೈದು ಯೆನ್ ಐವತ್ತು ಸೆನ್' ಎಂದು ಜಪಾನಿಯಲ್ಲಿ ಹೇಳಿಸುತ್ತಿದ್ದರು. ಕೊರಿಯನ್ ನಾಲಿಗೆಗೆ ಅದರ ಉಚ್ಚಾರ ಕಷ್ಟ. ತಡವರಿಸಿದವರ ಜೀವ ಅಲ್ಲಿಗೆ ಮುಗಿಯಿತು. ಚಿಬಾ ಪ್ರಾಂತ್ಯದ ಫುಕುದಾ ಹಳ್ಳಿಯಲ್ಲಂತೂ ದೂರದ ಕಾಗಾವಾದಿಂದ ಔಷಧಿ ಮಾರಲು ಬಂದಿದ್ದ ಜಪಾನೀಯರನ್ನೇ, ಮಾತಿನ ಧಾಟಿ ಬೇರೆ ಎಂಬ ಕಾರಣಕ್ಕೆ, ಕೊಂದರು. ಹದಿನೈದು ಜನರ ತಂಡದಲ್ಲಿ ಒಂಬತ್ತು ಮಂದಿ ಸತ್ತರು. ಅವರಲ್ಲಿ ಪುಟ್ಟ ಮಕ್ಕಳೂ ಇದ್ದರು, ಬಸುರಿಯೂ ಇದ್ದಳು.

ದಾಖಲೆ ಇಲ್ಲವೇ? ಸೆಪ್ಟೆಂಬರ್ 3ರ ಬೆಳಿಗ್ಗೆ ಫುನಾಬಾಶಿಯ ನೌಕಾಪಡೆಯ ನಿಸ್ತಂತು ಕೇಂದ್ರದಿಂದ ಒಂದು ತಂತಿ ಹೊರಟಿತು. ಕಳಿಸಿದವರು ಗೃಹ ಇಲಾಖೆಯ ಪೊಲೀಸ್ ವಿಭಾಗದ ಮುಖ್ಯಸ್ಥ ಗೊತೊ ಫುಮಿಯೊ. ತಲುಪಬೇಕಿದ್ದುದು ಪ್ರಾಂತ್ಯಗಳ ಗವರ್ನರುಗಳಿಗೆ. ಕೊರಿಯನ್ನರು ಅಲ್ಲಲ್ಲಿ ಬೆಂಕಿ ಹಚ್ಚುತ್ತಿದ್ದಾರೆ, ಕೆಲವರ ಬಳಿ ಬಾಂಬ್ ಇದೆ, ಅವರ ಮೇಲೆ ಕಟ್ಟುನಿಟ್ಟಿನ ನಿಗಾ ಇಡಿ ಎಂಬುದು ಅದರ ಸಾರ. ಅಂದರೆ ವದಂತಿಗೆ ರಾಜಮುದ್ರೆ ಒತ್ತಿ ಊರೂರಿಗೆ ಹಂಚಿದ್ದು ಸರ್ಕಾರವೇ. ಆ ತಂತಿಯ ಪ್ರತಿ ಇಂದಿಗೂ ರಕ್ಷಣಾ ಸಚಿವಾಲಯದ ಸಂಶೋಧನಾ ಸಂಸ್ಥೆಯಲ್ಲಿ ಭದ್ರವಾಗಿದೆ. ಸಂಪುಟ ಕಾರ್ಯದರ್ಶಿಯ ಕಚೇರಿಗೂ ಅದಕ್ಕೂ ಕೆಲವೇ ಕಿಲೋಮೀಟರ್ ದೂರ. ಇನ್ನು ಸರ್ಕಾರದ್ದೇ ವಿಪತ್ತು ನಿರ್ವಹಣಾ ಮಂಡಳಿಯ ತಜ್ಞರು 2000ರ ದಶಕದ ಕೊನೆಯಲ್ಲಿ ಸಿದ್ಧಪಡಿಸಿದ ವರದಿ, ಒಟ್ಟು ಸಾವುಗಳಲ್ಲಿ ಶೇಕಡಾ ಒಂದರಿಂದ ಕೆಲವು ಪಾಲು ಇಂಥ ಕೊಲೆಗಳು ಎಂದು ಅಂದಾಜಿಸಿದೆ. ಶೇಕಡಾ ಒಂದು ಎಂದರೂ ಸಾವಿರ ದಾಟುತ್ತದೆ. ತಮ್ಮ ಮನೆಯ ಕಪಾಟನ್ನೇ ತೆರೆಯದವರು 'ಸಿಕ್ಕಲಿಲ್ಲ' ಎಂದರೆ, ಅದು ಇತಿಹಾಸದ ಕುರಿತ ಹೇಳಿಕೆಯಲ್ಲ. ಹುಡುಕಿದವರ ಶ್ರದ್ಧೆಯ ಕುರಿತ ಹೇಳಿಕೆ.

ಹಾಗಾದರೆ ಹುಡುಕಿದವರು ಯಾರು? ಈ ಪ್ರಶ್ನೆಯ ಉತ್ತರವೇ ಜಪಾನಿನ ಇತಿಹಾಸ ವಿದ್ವತ್ತಿನ ನಿಜವಾದ ಹೆಮ್ಮೆ. 1963ರಲ್ಲಿ, ಹತ್ಯಾಕಾಂಡದ ನಲವತ್ತನೇ ವರ್ಷ, ಜಪಾನಿನಲ್ಲೇ ನೆಲೆಸಿದ್ದ ಇಬ್ಬರು ಕೊರಿಯನ್ ಸಂಶೋಧಕರು, ಕಾಂಗ್ ತೊಕ್-ಸಾಂಗ್ ಮತ್ತು ಕುಮ್ ಪ್ಯೊಂಗ್-ದೊಂಗ್, ಸೇನೆ, ಪೊಲೀಸ್ ಮತ್ತು ಪತ್ರಿಕೆಗಳ ಮೂಲ ದಾಖಲೆಗಳನ್ನು ಒಟ್ಟುಗೂಡಿಸಿ ದಪ್ಪ ಸಂಪುಟವೊಂದನ್ನು ತಂದರು. ಮಿಸುಜು ಪ್ರಕಾಶನದ ಆ ಪುಸ್ತಕ ಈಗಲೂ ಈ ವಿಷಯದ ತಳಪಾಯ. ಕೊಲೆಯಾದವರ ಮಕ್ಕಳು, ಮೊಮ್ಮಕ್ಕಳ ಪೀಳಿಗೆಯೇ ಕೊಲೆಗಾರರ ಕಡತಗಳನ್ನು ತಿರುವಿ ಹಾಕಬೇಕಾಯಿತು ಎಂಬುದನ್ನು ಗಮನಿಸಿ.

ಅದಕ್ಕಿಂತಲೂ ನಮಗೆ ಪ್ರಿಯವಾದ ಕಥೆ ಕಿನುತಾ ಯುಕಿಎ ಅವರದು. ಅವರು ಯಾವ ವಿಶ್ವವಿದ್ಯಾಲಯದವರೂ ಅಲ್ಲ, ಪ್ರಾಥಮಿಕ ಶಾಲೆಯ ಶಿಕ್ಷಕಿ. ಟೋಕಿಯೊದ ಅರಾಕಾವಾ ಎಂಬುದು ಮನುಷ್ಯರು ತೋಡಿದ ನಾಲೆ ಎಂದು ಮಕ್ಕಳಿಗೆ ತಿಳಿಸಿಕೊಡಲು, 1970ರ ದಶಕದಲ್ಲಿ, ದಂಡೆಯ ಮುದುಕರನ್ನು ಮಾತಾಡಿಸುತ್ತ ಹೊರಟರು. ನಾಲೆಯ ಕಥೆ ಹೇಳುತ್ತ ಹೇಳುತ್ತ ಆ ಮುದುಕರು ಬೇರೆಯದನ್ನೂ ಹೇಳಿದರು: ಈ ಸೇತುವೆಯ ಬುಡದಲ್ಲಿ ಕೊರಿಯನ್ನರನ್ನು ಸಾಲಾಗಿ ನಿಲ್ಲಿಸಿ ಕೊಂದರು, ಇಲ್ಲೇ ಹೂತರು. ಕೇಳಿಸಿಕೊಂಡ ಮೇಲೆ ಕಿನುತಾ ಅವರಿಗೆ ಪಾಠದ ಪುಸ್ತಕಕ್ಕೆ ಮರಳಿ ಸುಮ್ಮನಿರಲು ಆಗಲಿಲ್ಲ. ಜನರನ್ನು ಕೂಡಿಸಿ 1982ರಲ್ಲಿ ದಂಡೆಯನ್ನು ಅಗೆಸಿದರು. ಎಲುಬು ಸಿಗಲಿಲ್ಲ. ಯಾಕೆಂಬುದು 1923ರ ನವೆಂಬರಿನ ಪತ್ರಿಕೆಗಳನ್ನು ತಿರುವಿದಾಗ ತಿಳಿಯಿತು: ಪೊಲೀಸರು ಆಗಲೇ ಅಗೆದು, ಅವಶೇಷಗಳನ್ನು ಸಾಗಿಸಿಬಿಟ್ಟಿದ್ದರು. ಆ ಗುಂಪಿನವರೇ ಆದ ನಿಶಿಜಾಕಿ ಮಸಾಓ, ಅವರೂ ಶಾಲಾ ಶಿಕ್ಷಕರಾಗಿದ್ದವರು, ಟೋಕಿಯೊದ ಸಾರ್ವಜನಿಕ ಗ್ರಂಥಾಲಯಗಳನ್ನು ಒಂದೊಂದಾಗಿ ಸುತ್ತಿ ಆತ್ಮಕಥೆ, ದಿನಚರಿ, ಊರ ಇತಿಹಾಸಗಳಿಂದ ಸಾವಿರಕ್ಕೂ ಮಿಕ್ಕಿದ ಸಾಕ್ಷ್ಯಗಳನ್ನು ಹೆಕ್ಕಿದರು. 2016ರಲ್ಲಿ ಅವು ಬಡಾವಣೆವಾರು ಪುಸ್ತಕವಾಗಿ ಬಂದವು.

ಇಂಥ ಸಾಕ್ಷ್ಯಗಳ ಪೈಕಿ ಒಂದು ಸಿನಿಮಾಪ್ರಿಯರಿಗೆಲ್ಲ ಪರಿಚಿತ ಹೆಸರಿನದು. ಅಕಿರಾ ಕುರೊಸಾವಾಗೆ ಆಗ 13 ವರ್ಷ. ಗಡ್ಡ ಉದ್ದವಾಗಿ ಬೆಳೆಸಿದ್ದಕ್ಕೆ ತಂದೆಯನ್ನು ಕೊರಿಯನ್ನನೆಂದು ಶಂಕಿಸಿ ದೊಣ್ಣೆ ಹಿಡಿದ ಗುಂಪು ಸುತ್ತುವರಿದದ್ದನ್ನು ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ. ನೆರೆಯವರು ಒಂದು ಬಾವಿಯ ನೀರು ಕುಡಿಯಬೇಡಿ ಎಂದರಂತೆ. ಕಟ್ಟೆಯ ಗೋಡೆಯಲ್ಲಿ ಬಿಳಿಯ ಗುರುತುಗಳಿವೆ, ಅದು ಕೊರಿಯನ್ನರ ವಿಷದ ಸಂಕೇತ ಎಂದು. ಹುಡುಗನಿಗೆ ಗೊತ್ತಿತ್ತು, ಅದು ಅವನೇ ಗೀಚಿದ್ದು.

ಕನ್ನಡದಲ್ಲಿ ತುಂಬ ಮಂದಿ ಓದಿರುವ 'ತೊತ್ತೋಚಾನ್'ನಲ್ಲೂ ಒಬ್ಬ ಕೊರಿಯನ್ ಹುಡುಗ ಬಂದುಹೋಗುತ್ತಾನೆ. ತನ್ನನ್ನು ಜನ ಹೀಯಾಳಿಸುವ 'ಕೊರಿಯನ್' ಎಂಬ ಮಾತನ್ನೇ ಬೈಗುಳವೆಂದು ತಿಳಿದು ಪುಟ್ಟ ತೊತ್ತೋಳ ಮೇಲೆ ಎಸೆಯುತ್ತಾನೆ. ಆ ಅಧ್ಯಾಯದ ಹಿಂದಿನ ನೆಲ ಇದು.

ಸಂಖ್ಯೆಯ ಜಗಳ ಬೇರೆ ಇದೆ. ಅಂದಿನ ನ್ಯಾಯ ಇಲಾಖೆಯ ಲೆಕ್ಕ 233. ಶಾಂಘೈನ ಕೊರಿಯನ್ ಪತ್ರಿಕೆ ಅಚ್ಚುಮಾಡಿದ್ದು 6,661. ಅಂತರ ದೊಡ್ಡದು, ನಿಜ. ಆದರೆ ಎರಡನೆಯ ಅಂಕಿಯನ್ನು ಒರೆಗೆ ಹಚ್ಚಿ ಅದರ ದೌರ್ಬಲ್ಯಗಳನ್ನು ತೋರಿಸಿದವರು ಹತ್ಯೆಯನ್ನು ಅಲ್ಲಗಳೆಯುವವರಲ್ಲ. ಸರ್ಕಾರದ ಹೊಣೆಯನ್ನು ಜೀವನವಿಡೀ ಎತ್ತಿ ಹೇಳಿದ ಯಮಾದಾ ಶೋಜಿಯಂಥ ಇತಿಹಾಸಕಾರರು. ಅಲ್ಲಗಳೆಯುವವರು ಮಾಡಿದ್ದು ಇಷ್ಟೇ: ಎಷ್ಟು ಜನ ಎಂಬ ಅನಿಶ್ಚಯವನ್ನು ಎತ್ತಿಕೊಂಡು, ನಡೆಯಿತೇ ಎಂಬ ಅನುಮಾನವಾಗಿ ಮಾರಿದರು. ಟೋಕಿಯೊ ಗವರ್ನರ್ ಕೊಯಿಕೆ ಯುರಿಕೊ 2017ರಿಂದ ವಾರ್ಷಿಕ ಸ್ಮರಣೆಗೆ ಸಂತಾಪ ಸಂದೇಶ ಕಳಿಸುವುದನ್ನೇ ನಿಲ್ಲಿಸಿದ್ದಾರೆ. ಎಲ್ಲ ಭೂಕಂಪ ಸಂತ್ರಸ್ತರಿಗೂ ಒಟ್ಟಿಗೇ ನಮನ ಸಲ್ಲಿಸುತ್ತೇನೆ ಎಂಬುದು ಅವರ ಸಮರ್ಥನೆ. ಭೂಕಂಪದಲ್ಲಿ ಸತ್ತವರನ್ನೂ ನೆರೆಯವರ ಕೈಯಲ್ಲಿ ಸತ್ತವರನ್ನೂ ಒಂದೇ ಚೀಲಕ್ಕೆ ಹಾಕುವ ಈ ಔದಾರ್ಯ ನಮಗೆ ಒಪ್ಪಿಗೆಯಿಲ್ಲ.

ದಾಖಲೆ ಇಲ್ಲ ಎನ್ನುವ ತಂತ್ರ ಯುದ್ಧಕಾಲದ ವಿಷಯದಲ್ಲಿ ಇನ್ನೂ ನಾಚಿಕೆಗೆಟ್ಟದ್ದು. ಅಲ್ಲಿ ದಾಖಲೆ ಇಲ್ಲದಿರಲು ಕಾರಣ, 1945ರ ಆಗಸ್ಟ್ ಮಧ್ಯದಲ್ಲಿ ಶರಣಾಗತಿಯ ಹೊತ್ತಿಗೆ ಸರ್ಕಾರವೂ ಸೇನೆಯೂ ತಾವೇ ಕಡತಗಳನ್ನು ಸುಟ್ಟದ್ದು. ಇತಿಹಾಸಕಾರ ಇಎನಾಗ ಸಬುರೊ ತಮ್ಮ ಪಠ್ಯಪುಸ್ತಕದಲ್ಲಿ, ಮನುಷ್ಯರ ಮೇಲೆ ರೋಗಾಣು ಪ್ರಯೋಗ ನಡೆಸಿದ 731ನೇ ದಳದ ಬಗ್ಗೆ ಬರೆದಾಗ ಶಿಕ್ಷಣ ಸಚಿವಾಲಯ 1983ರಲ್ಲಿ ಅಷ್ಟನ್ನೂ ತೆಗೆದುಹಾಕಿ ಎಂದಿತು. ಕೊಟ್ಟ ಕಾರಣ: ನಂಬಬಹುದಾದ ವಿದ್ವತ್ ಸಂಶೋಧನೆ ಇನ್ನೂ ಬಂದಿಲ್ಲ. 1965ರಲ್ಲಿ ಮೊದಲ ಮೊಕದ್ದಮೆ ಹೂಡಿದ ಇಎನಾಗ 1997ರ ಆಗಸ್ಟ್ 29ರವರೆಗೆ ಕಾದರು. ಆ ದಿನ ಸುಪ್ರೀಂ ಕೋರ್ಟ್ ಅಳಿಸಲು ಹೇಳಿದ್ದು ಕಾನೂನುಬಾಹಿರ ಎಂದಿತು, ಆದರೆ ಪಠ್ಯ ಪರಿಶೀಲನೆಯ ವ್ಯವಸ್ಥೆ ಮಾತ್ರ ಸಂವಿಧಾನಬದ್ಧ ಎಂದಿತು. 1992ರಲ್ಲಿ ಚುವೊ ವಿಶ್ವವಿದ್ಯಾಲಯದ ಯೊಶಿಮಿ ಯೊಶಿಆಕಿ, ಸೇನೆಯ ಲೈಂಗಿಕ ಗುಲಾಮಗಿರಿಯ ಕಡತಗಳನ್ನು ರಕ್ಷಣಾ ಇಲಾಖೆಯ ಗ್ರಂಥಾಲಯದಲ್ಲೇ ಪತ್ತೆಹಚ್ಚಿದರು. ಅಲ್ಲಿಯವರೆಗೆ ಸರ್ಕಾರಕ್ಕೆ ಅವು ಕಂಡಿರಲಿಲ್ಲ!

ನ್ಯಾಯವಾಗಿ ಇದನ್ನೂ ಹೇಳಬೇಕು: ಏಷ್ಯಾದ ಐತಿಹಾಸಿಕ ದಾಖಲೆಗಳನ್ನು ಯಾರು ಬೇಕಾದರೂ ಮನೆಯಲ್ಲೇ ಕೂತು ಓದುವಂತೆ 2001ರಲ್ಲಿ ಡಿಜಿಟಲ್ ಕೇಂದ್ರ ತೆರೆದದ್ದೂ ಜಪಾನ್ ಸರ್ಕಾರವೇ. ಕಡತ ತೆರೆದಿಡುವ ಕೈ ಮತ್ತು ಕಡತ ಕಂಡಿಲ್ಲ ಎನ್ನುವ ಬಾಯಿ ಒಂದೇ ಆಡಳಿತದವು ಎಂಬುದೇ ಸೋಜಿಗ.

ಜಪಾನಿನ ವಕೀಲರ ಸಂಘಗಳ ಒಕ್ಕೂಟ 2003ರ ಆಗಸ್ಟಿನಲ್ಲಿ ಪ್ರಧಾನಿ ಕೊಯಿಜುಮಿ ಅವರಿಗೆ ಲಿಖಿತ ಶಿಫಾರಸು ಸಲ್ಲಿಸಿತ್ತು: ಹತ್ಯಾಕಾಂಡದಲ್ಲಿ ಸರ್ಕಾರದ ಹೊಣೆಯನ್ನು ಒಪ್ಪಿ ಸಂತ್ರಸ್ತರ ಕುಟುಂಬಗಳ ಕ್ಷಮೆ ಕೇಳಿ, ಸಮಗ್ರ ತನಿಖೆ ನಡೆಸಿ ಕಾರಣಗಳನ್ನು ಬಹಿರಂಗಪಡಿಸಿ. ಆಮೇಲೆ ಬಂದ ಯಾವ ಪ್ರಧಾನಿಯೂ ಆ ತನಿಖೆಗೆ ಆದೇಶಿಸಲಿಲ್ಲ. ಅದಕ್ಕೆ ಬೇಕಾದ ಸಾಮಗ್ರಿಯನ್ನೆಲ್ಲ ಮೇಷ್ಟ್ರುಗಳೂ ವಲಸಿಗರ ಮಕ್ಕಳೂ ಆಗಲೇ ಒಪ್ಪ ಮಾಡಿ ಇಟ್ಟಿದ್ದಾರೆ. ಇನ್ನು ಬೇಕಿರುವುದು ಸರ್ಕಾರದ ಒಂದು ಆದೇಶ ಮಾತ್ರ.