ಕೀಲಿಕೈಯೂ ವಿವೇಕವೂ

ಒಂದೇ ಊರು, ಒಂದೇ ವಯಸ್ಸು, ಒಂದೇ ಬಗೆಯ ಮೋಟಾರುಸೈಕಲ್ಲು. ಆದರೂ ಒಬ್ಬ ತರುಣನು ವರ್ಷಾನುಗಟ್ಟಲೆ ಕ್ಷೇಮವಾಗಿ ಸಂಚರಿಸುತ್ತಾನೆ. ಇನ್ನೊಬ್ಬನು ಮೇಲಿಂದ ಮೇಲೆ ಅಪಘಾತಕ್ಕೀಡಾಗುತ್ತಾನೆ. ಇದನ್ನು ಹಣೆಬರಹವೆಂದು ಬಿಡುವುದು ಸುಲಭ. ಆದರೆ ಅದು ಸತ್ಯವಲ್ಲ.

ವಾಹನ ನಡೆಸುವ ಕೈಚಳಕವು ಕೆಲವೇ ದಿನಗಳಲ್ಲಿ ಲಭಿಸುತ್ತದೆ. ಅಪಾಯವನ್ನು ದೂರದಿಂದಲೇ ಗುರುತಿಸುವ ಕಣ್ಣು ಅಷ್ಟು ಬೇಗ ಬರುವುದಿಲ್ಲ. ಸುಗ್ಗಿಯ ಕಾಲದಲ್ಲಿ ಲಕ್ಕಲಕಟ್ಟಿಯ ಸುತ್ತಿನ ದಾರಿಗಳಲ್ಲಿ ಹಿಂದೀಪವಿಲ್ಲದ ಟ್ರ್ಯಾಕ್ಟರು, ಹಟ್ಟಿಗೆ ಮರಳುವ ದನಗಳು, ರಸ್ತೆಯ ಮೇಲೆ ಹರವಿದ ರಾಶಿ ಎದುರಾಗುತ್ತವೆ. ನುರಿತವನು ಇವನ್ನು ನಿರೀಕ್ಷಿಸಿಯೇ ಹೊರಡುತ್ತಾನೆ. ಹೊಸಬನು ಮೈಮೇಲೆ ಬಂದಾಗ ಕಾಣುತ್ತಾನೆ. ಆವೇಗವನ್ನು ನಿಗ್ರಹಿಸುವ ಮಿದುಳಿನ ಮುಂಭಾಗವು ಇಪ್ಪತ್ತೈದರ ಆಸುಪಾಸಿನವರೆಗೂ ಬಲಿಯುತ್ತಲೇ ಇರುತ್ತದೆಂದು ವಿಜ್ಞಾನಿಗಳು ಹೇಳುತ್ತಾರೆ.

ಇಷ್ಟು ಎಲ್ಲ ತರುಣರಿಗೂ ಸಮಾನವೇ. ಭೇದವನ್ನುಂಟುಮಾಡುವುವು ಸ್ವಭಾವ, ಸಹವಾಸ ಹಾಗೂ ಹಿರಿಯರ ಮೇಲ್ಪಂಕ್ತಿ. ಒಂಟಿಯಾಗಿ ಸಾವಧಾನವಾಗಿ ಹೋಗುವ ಹುಡುಗನೇ ಗೆಳೆಯರು ಜೊತೆಗಿದ್ದರೆ ವೇಗವನ್ನು ಹೆಚ್ಚಿಸುತ್ತಾನೆ. ಉತ್ತರಕುಮಾರನು ಪೌರುಷವನ್ನು ಕೊಚ್ಚಿಕೊಂಡದ್ದು ಹೆಂಗಳೆಯರ ಮುಂದೆ, ಕೌರವಸೇನೆಯ ಮುಂದಲ್ಲ. ಆದರೆ ಅದೇ ಉತ್ತರನು, ಅರ್ಜುನನು ರಥವನ್ನೇರಿದ ಬಳಿಕ, ಸಮರ್ಥ ಸಾರಥಿಯಾದನೆಂಬುದನ್ನು ಮರೆಯಲಾಗದು.

ಅರ್ಜುನನ ಸ್ಥಾನದಲ್ಲಿರಬೇಕಾದ ನಾವು ಮಾಡುತ್ತಿರುವುದೇನು? ಹತ್ತನೆಯ ತರಗತಿ ಪಾಸಾದ ಮಗನಿಗೆ ಮೋಟಾರುಸೈಕಲ್ಲನ್ನೇ ಬಹುಮಾನವಾಗಿ ಕೊಡುತ್ತೇವೆ. ಅನ್ಯರನ್ನೇಕೆ ದೂರಲಿ? ಹಿಂದೊಮ್ಮೆ ಸಮಾರಂಭಕ್ಕೆ ಹೂಮಾಲೆ ತರಲು ಹದಿನೈದರ ಶಿಷ್ಯನನ್ನು ನಾನೇ ಗಾಡಿಯ ಮೇಲೆ ಕಳುಹಿದೆನು. "ಲಗೂ ಬಾರಪ್ಪಾ" ಎಂದೆನು. ಅವನು ಕಾಲು ಮುರಿದುಕೊಂಡನು. ಆ 'ಲಗೂ' ಎಂಬ ಮಾತು ಇಂದಿಗೂ ನನ್ನನ್ನು ಚುಚ್ಚುತ್ತಿದೆ.

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನರು ಮಡಿದರು. ಹತ್ತರಲ್ಲಿ ಏಳು ಸಾವುಗಳಿಗೆ ಅತಿವೇಗವೇ ಕಾರಣವೆಂದು ಕೇಂದ್ರ ಸರಕಾರದ ವರದಿ ತಿಳಿಸುತ್ತದೆ. ಅಪ್ರಾಪ್ತ ವಯಸ್ಕನು ವಾಹನ ನಡೆಸಿ ಅಪರಾಧವೆಸಗಿದರೆ ಪಾಲಕನಿಗೆ ಅಥವಾ ವಾಹನದ ಒಡೆಯನಿಗೆ ಮೂರು ವರ್ಷಗಳವರೆಗೆ ಸೆರೆವಾಸ, 25,000 ರೂಪಾಯಿ ದಂಡವೆಂದು 2019ರ ತಿದ್ದುಪಡಿ ವಿಧಿಸಿದೆ. ತಪ್ಪಿನ ಬೇರು ಎಲ್ಲಿದೆಯೆಂಬುದನ್ನು ಕಾನೂನು ಸರಿಯಾಗಿಯೇ ಕಂಡಿದೆ.

ಆದುದರಿಂದ ಸಹೋದ್ಯೋಗಿಗಳಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಶಾಲೆಯ ಯಾವ ಕೆಲಸಕ್ಕೂ ಬಾಲಕನನ್ನು ವಾಹನದ ಮೇಲೆ ಅಟ್ಟದಿರೋಣ. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ತಮ್ಮ ಮಕ್ಕಳಿಗೆ ಹದಿನೆಂಟು ತುಂಬಿ, ಪರವಾನಿಗೆ ದೊರೆತ ಮೇಲೆಯೇ ಕೀಲಿಕೈಯನ್ನು ಕೊಡಲಿ. ಕೊಟ್ಟ ಮೇಲೆಯೂ ಕೆಲಕಾಲ ಜೊತೆಗೆ ಕುಳಿತು, ತಾವೂ ಶಿರಸ್ತ್ರಾಣ ಧರಿಸಿ, ದಾರಿಯನ್ನು ನೋಡಲು ಕಲಿಸಲಿ. ಕೀಲಿಕೈಯನ್ನು ಒಂದು ಗಳಿಗೆಯಲ್ಲಿ ಕೊಡಬಹುದು. ವಿವೇಕವನ್ನು ಜೊತೆಗಿದ್ದೇ ಕೊಡಬೇಕು.